ಕೇಳಿಯೂ ಬಿಟ್ಟ ಕಾಗದ

ಸ್ಯಾನ್ ಫೆರ್ನಾಂಡೊ ಪೊಲೀಸ್ ಠಾಣೆಯಲ್ಲಿ ನಡತೆ ಪ್ರಮಾಣಪತ್ರಕ್ಕೆ ಉದ್ದನೆಯ ಸಾಲಿತ್ತು. ಶಿಶುವಿಹಾರದ ಕೆಲಸಕ್ಕಾಗಿ ಬಂದಿದ್ದ ದುಲಾರಿಯ ಮುಂದೆ ಸ್ಟೀಲ್‌ಪ್ಯಾನ್ ಎಂಬ ಉಕ್ಕಿನ ವಾದ್ಯ ಕಲಿಸುವ ಮುದುಕ ಕತ್ಬರ್ಟ್ ಮತ್ತು ಅವನ ವಾದ್ಯತಂಡದ ಕಾರ್ಯದರ್ಶಿ ವರ್ನಾ ನಿಂತಿದ್ದರು.

“ನಲವತ್ತು ವರ್ಷ ಮಕ್ಕಳಿಗೆ ಕಲಿಸಿದೀನಿ. ಈಗ ಕಳ್ಳನ ಥರ ಬೆರಳಚ್ಚು ಕೊಡ್ಬೇಕಾ?”

“ಮಕ್ಕಳ ಜೊತೆ ಇರೋರೆಲ್ಲ ಕೊಡ್ತಿದೀವಿ, ಮೇಷ್ಟ್ರೇ,” ಎಂದಳು ವರ್ನಾ. “ನಮ್ಮಲ್ಲಿ ಕಲಿಸೋಕೆ ಬಂದ ನಿಮ್ಮಕ್ಕನ ಮಗ ಆ ಪುಟ್ಟ ಹುಡುಗಿಗೆ ಮಾಡಿದ್ದು ಮರೆತ್ರಾ?”

“ಅವನ ಹತ್ರ ಈ ಕಾಗದ ಕೇಳಿದ್ರೆ ಹಳೇ ಕೇಸು ಗೊತ್ತಾಗ್ತಿತ್ತು. ನೀನು ಕೇಳ್ಬೇಕಿತ್ತು.”

“ಕೇಳಿದ್ದೆ. ‘ನಾನು ಎತ್ತಿ ಆಡಿಸಿದ ಹುಡುಗ, ನನ್ನ ಮಾತು ಸಾಲ್ದಾ’ ಅಂದ್ರಿ. ನಾನೂ ಸುಮ್ಮನಾದೆ.”

ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು.

“ಆ ಮಗು ಈಗ ಪಾಠಕ್ಕೆ ಬರ್ತಾಳಾ?”

“ಇಲ್ಲ. ನೀವು ಅವಳಿಗೆ ಕೆತ್ತಿಕೊಟ್ಟ ಬಾರಿಸೋ ಕೋಲುಗಳನ್ನ ಅವಳಮ್ಮ ವಾಪಸ್ ಕೊಟ್ಟುಹೋದ್ರು.”

ಒಳಗಿಂದ ಕರೆ ಬಂತು. ಕತ್ಬರ್ಟ್ ಹತ್ತೂ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

“ಮೊದಲು ನನ್ನ ಬೆರಳಚ್ಚೇ ತಗೊಳ್ಳಲಿ,” ಎಂದು ಒಳಗೆ ಹೋದ.