ವೈರ್‌ಲೆಸ್ಸೇ ಬೇಕು

...ಅಲ್ಲ, ಆ ವೈರು ಮುಟ್ಟಬೇಡ. ಬೇಡ ಅಂದ್ನಲ್ಲ. ವೈರ್ ಚುಚ್ಚಿದ್ರೆ ನೆಟ್ ಬರುತ್ತೆ ಅಂತ ನನಗೂ ಗೊತ್ತು ಕಣೋ, ನಿಮ್ಮಣ್ಣ ಅಷ್ಟು ದಡ್ಡ ಅಲ್ಲ. ನನಗೆ ವೈರ್‌ಲೆಸ್ಸೇ ಬೇಕು. ಇವತ್ತೇ ಬೇಕು. ಯಾಕೆ ಅಂತ ಮಾತ್ರ ಕೇಳಬೇಡ... ಹೇಗೂ ನೀನು ಕೇಳಲ್ಲ ಬಿಡು. ಬಾಯಿಗೆ ಬೀಗ ಹಾಕ್ಕೊಂಡೇ ಮೆಟ್ಟಿಲಿಳಿದು ಬಂದಿದ್ದೀಯ.

ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇದು ಗಟ್ಟಿ ಇದೆ. ಯಾಕೆ ಗೋಡೆ ನೋಡ್ತೀಯ? ನನ್ನ ಮುಖ ನೋಡಿದ್ರೆ ಶಪಥ ಮುರಿದುಹೋಗುತ್ತಾ? ಆಗಲಿ, ಗೋಡೇನೇ ನೋಡು. ನೀನು ಬಂದಿದ್ದು ನನಗೋಸ್ಕರ ಅಲ್ಲ, ಅತ್ತಿಗೆ ಕರೆದಳು ಅಂತ. ಅದೂ ಗೊತ್ತು. ಅವಳು ಮಹಡಿ ಹತ್ತಿ ಏನಂತ ಹೇಳಿದ್ಲು? "ನಿಮ್ಮಣ್ಣ ಬೆಳಗ್ಗೆಯಿಂದ ಕಂಪ್ಯೂಟರ್ ಜೊತೆ ಜಗಳ ಆಡ್ತಿದ್ದಾರೆ, ಬಂದು ಬಿಡಿಸಪ್ಪ" ಅಂದ್ಲಾ? ...ನೋಡು, ತಲೆ ಆಡಿಸಿದೆ. ಈಗಷ್ಟೇ ಆಡಿಸಿದೆ. ಇವತ್ತಿಗೆ ಅಷ್ಟೇ ಲಾಭ.

ಸರಿ, ರೋಗಿ ಕಥೆ ಕೇಳು. ನಿನ್ನೆ ತನಕ ಗುಂಡುಕಲ್ಲಿನ ಹಾಗಿತ್ತು. ನಿನ್ನೆ ಸಂಜೆ ಒಂದು ಮೂಲೇಲಿ ಪುಟ್ಟದಾಗಿ ಬಂತು, ಅಪ್‌ಡೇಟ್ ಇದೆ, ಹಾಕಲಾ ಅಂತ. ಎಷ್ಟು ನಯವಾಗಿ ಕೇಳ್ತು ಅಂತೀಯ. ಈ ಮನೇಲಿ ನನ್ನನ್ನ ಮರ್ಯಾದೆಯಿಂದ ಒಂದು ಮಾತು ಕೇಳಿ ಕೆಲಸ ಮಾಡೋದು ಇದೊಂದೇ. ಹಾಕ್ಕೋ ಅಂದೆ. ಹಾಕ್ಕೊಳ್ತು, ಆಫ್ ಆಯ್ತು, ಆನ್ ಆಯ್ತು. ನೋಡ್ತೀನಿ... ಮೇಲ್ಗಡೆ ಇರ್ತಿದ್ದ ವೈಫೈ ಗುರುತೇ ಇಲ್ಲ. ಸಿಗ್ನಲ್ ಕಡಿಮೆ ಅಂತ ಅಲ್ಲ ಕಣೋ, ಗುರುತೇ ಇಲ್ಲ. ಈ ಮೆಷಿನ್‌ಗೆ ವೈಫೈ ಅನ್ನೋದು ಇತ್ತು ಅಂತಾನೇ ಅದಕ್ಕೆ ಮರೆತುಹೋಗಿದೆ.

ಯಾಕೆ ನಗ್ತೀಯ? ಇಲ್ಲ, ನಕ್ಕೆ, ಮೀಸೆ ಅಲ್ಲಾಡ್ತು. ಕನ್ನಡಕದ ಅಂಗಡಿ ಇಟ್ಟವನು ನಾನು. ಜನರ ಮುಖವನ್ನ ಗೇಣು ದೂರದಿಂದ ನೋಡ್ಕೊಂಡೇ ತಲೆ ನೆರೆಸಿದ್ದೀನಿ. ನನ್ನ ಹತ್ರ ಮುಚ್ಚಿಡಕ್ಕಾಗಲ್ಲ.

ಕಾರಣಾನೂ ಕಂಡುಹಿಡಿದಿದ್ದೀನಿ. ಕಂಪ್ಯೂಟರ್ ರಿಪೇರಿನೇ ನಿನ್ನ ಹೊಟ್ಟೆಪಾಡು, ನಿನ್ನ ಮುಂದೆ ಹೇಳೋದು ಅಧಿಕಪ್ರಸಂಗ, ಆದ್ರೂ ಹೇಳ್ತೀನಿ. ಕರ್ನಲ್ ಅಂತ ಇದೆಯಲ್ಲ, ಅದು ಒಳಗಿನ ಯಜಮಾನ. ಅಪ್‌ಡೇಟಲ್ಲಿ ಯಜಮಾನ ಬದಲಾದ. ವೈಫೈ ನಡೆಸೋ ಡ್ರೈವರ್ ಪ್ರೋಗ್ರಾಂ ಹಳೇ ಯಜಮಾನನ ಅಳತೆಗೆ ಮಾಡಿದ್ದು. ಹಳೇ ಫ್ರೇಮಿಗೆ ಕೊಯ್ದ ಗಾಜು ಹೊಸ ಫ್ರೇಮಲ್ಲಿ ಕೂರಲ್ಲ, ಅಷ್ಟೇ ವಿಷಯ. ಸರಿಯಾಗಿ ಹೇಳಿದ್ನಾ? ಹುಬ್ಬು ಏರಿಸಿದ್ರೆ ಸರಿ ಅಂತಾನೋ ತಪ್ಪು ಅಂತಾನೋ? ಹುಬ್ಬಿಗೂ ಒಂದು ಭಾಷೆ ಇಟ್ಕೊಳ್ಳೋ ಮಾರಾಯ, ನನಗೆ ಅರ್ಥ ಆಗೋ ಥರ.

ಏನು ಹುಡುಕ್ತಿದ್ದೀಯ? ಹಳೇ ಕರ್ನಲ್ಲಾ? ಅದು... ಇಲ್ಲ. ಅಳಿಸಿಬಿಟ್ಟೆ. ಹಳೇದು ಯಾಕೆ ಸುಮ್ಮನೆ ಜಾಗ ತಿಂತಾ ಕೂರಬೇಕು ಅಂತ. ಹಣೆ ಚಚ್ಚಿಕೊಳ್ಳಬೇಡ, ಗಾಯ ಆದ್ರೆ ನಿಮ್ಮತ್ತಿಗೆ ನನ್ನನ್ನೇ ಬೈತಾಳೆ.

ಸುಮ್ಮನೆ ಕೂತಿರಲಿಲ್ಲ ನಾನು. ನೆಟ್ಟಲ್ಲೆಲ್ಲಾ ಜಾಲಾಡಿದೆ. ಒಂದು ಕಡೆ ನನ್ನ ಹಾಗೇ ಯಾವನೋ ಪಾಪಿ ಬರೆದಿದ್ದ, ಅಪ್‌ಡೇಟ್ ಆದ ಮೇಲೆ ವೈಫೈ ಹೋಯ್ತು, ಕಾಪಾಡಿ ಅಂತ. ಅದರ ಕೆಳಗೆ ಒಬ್ಬ, "ನನಗೂ ಹೀಗೇ". ಅವನ ಕೆಳಗೆ ಇನ್ನೊಬ್ಬ, "ನನಗೂ". ಉದ್ದಕ್ಕೂ ಬರೀ ನನಗೂ, ನನಗೂ. ಕಟ್ಟಕಡೆಗೆ ಆ ಮೊದಲಿನ ಪಾಪಿ ವಾಪಸ್ ಬಂದು, "ಸರಿಹೋಯ್ತು, ಎಲ್ಲರಿಗೂ ವಂದನೆಗಳು" ಅಂತ ಬರೆದು ಹೊರಟುಹೋಗಿದ್ದಾನೆ. ಹೇಗೆ ಸರಿಹೋಯ್ತೋ, ಏನು ಮಾಡಿದ್ನೋ, ಒಂದಕ್ಷರ ಇಲ್ಲ. ಅವನೇನಾದ್ರೂ ನನ್ನ ಅಂಗಡಿಗೆ ಬಂದ್ರೆ ಎಡಗಣ್ಣಿನ ಗಾಜು ಬಲಗಣ್ಣಿಗೆ ಹಾಕಿ ಕಳಿಸ್ತೀನಿ.

ಹಾಗ್ಯಾಕೆ ನೋಡ್ತೀಯ? ...ಓ. ನೆಟ್ಟೇ ಇಲ್ಲದೆ ನೆಟ್ಟಲ್ಲಿ ಹೇಗೆ ಹುಡುಕಿದೆ ಅಂತಾನಾ? ವೈರ್ ಹಾಕ್ಕೊಂಡೇ ಹುಡುಕಿದೆ. ಒಪ್ಕೊಂಡೆ. ವೈರಲ್ಲಿ ಚೆನ್ನಾಗೇ ಬರುತ್ತೆ. ಆದ್ರೆ ವೈರು ಕಾಲಿಗೆ ತೊಡರುತ್ತೆ. ಬೆಕ್ಕು ಕಚ್ಚುತ್ತೆ... ನಮ್ಮನೇಲಿ ಬೆಕ್ಕಿಲ್ಲ, ನಿಜ. ಸಾಕಬೇಕು ಅಂತಿದ್ದೀನಿ. ಅದು ಬಂದ ಮೇಲೆ ಕಚ್ಚಲ್ವಾ?

ಏ, ಏಳಬೇಡ, ಏಳಬೇಡ. ಇನ್ನೂ ಮುಗಿದಿಲ್ಲ. ಅಸಲು ಎಡವಟ್ಟು ಇನ್ನೂ ಹೇಳೇ ಇಲ್ಲ ನಿನಗೆ. ಕೂತ್ಕೊಂಡ್ರೆ ಹೇಳ್ತೀನಿ.

ಇನ್ನೊಬ್ಬ ಪುಣ್ಯಾತ್ಮ ಬರೆದಿದ್ದ, ಈ ವೈಫೈ ಕಾರ್ಡಿಗೆ ಎರಡು ಡ್ರೈವರ್ ಇರುತ್ತೆ, ಒಂದನ್ನ ಕಂಡ್ರೆ ಇನ್ನೊಂದಕ್ಕೆ ಆಗಲ್ಲ, ತಪ್ಪಾದ್ದನ್ನ ಬ್ಲಾಕ್‌ಲಿಸ್ಟಿಗೆ ಹಾಕಿ ಹೊರಗಿಡಿ ಅಂತ. ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ ಥರ. ತಪ್ಪಾದ್ದು ಯಾವುದು ಅಂತ ನನಗೆ ತಿಳೀಲಿಲ್ಲ. ಅದಕ್ಕೆ... ಎರಡನ್ನೂ ಹಾಕಿದೆ. ನಗು, ನಗು. ಬಾಯಿ ಮುಚ್ಕೊಂಡು ನಗಬೇಡ, ಹೊಟ್ಟೆ ನೋಯುತ್ತೆ. ಅಪ್ಪನೂ ಹಾಗೇ ಮಾಡ್ತಿದ್ರು, ನೆನಪಿಲ್ವಾ? ನಾವಿಬ್ಬರೂ ಕಿತ್ತಾಡಿದ್ರೆ ತಪ್ಪು ಯಾರದ್ದು ಅಂತ ವಿಚಾರಿಸ್ತಾನೇ ಇರಲಿಲ್ಲ. ಇಬ್ಬರನ್ನೂ ಹೊರಗೆ ನಿಲ್ಲಿಸಿ ಬಾಗಿಲು ಹಾಕೋರು. ಒಳಗೆ ಕರೆಯೋ ಹೊತ್ತಿಗೆ ನಾವೇ ರಾಜಿ ಆಗಿರ್ತಿದ್ವಿ. ಡ್ರೈವರುಗಳೂ ಹೊರಗೆ ನಿಂತು ರಾಜಿ ಆಗ್ತವೇನೋ ಅಂತ ಬೆಳಗ್ಗೆಯಿಂದ ಕಾಯ್ತಾ ಇದ್ದೀನಿ.

ಏನೇ? ...ಊಟಕ್ಕಾ? ಇನ್ನೊಂದು ಸ್ವಲ್ಪ ಹೊತ್ತು ಕಣೇ. ಅವನು ಈಗ ತಾನೇ ಕೈ ಹಾಕಿದ್ದಾನೆ.

ಹ್ಞಾಂ, ಈಗ ಏನು ಬರೀತಿದ್ದೀಯ? ಸರಿ, ಬ್ಲಾಕ್‌ಲಿಸ್ಟಿಂದ ಒಂದನ್ನ ತೆಗೆದೆ. ವೈರ್ ಹಾಕ್ತೀಯಾ? ಹಾಕು, ಹಾಕು, ರಿಪೇರಿಗೆ ಹಾಕೋದಾದ್ರೆ ಅಡ್ಡಿಯಿಲ್ಲ. ಏನೋ ಇಳಿಸ್ಕೊಳ್ತಿದೆ... ಹೆಡರ್ಸ್. ಹೆಡರ್ಸ್ ಅಂದ್ರೆ ಹೊಸ ಫ್ರೇಮಿನ ಅಳತೆ, ಅಲ್ವಾ? ಅಂದ್ರೆ ನಾನು ಬೆಳಗ್ಗೆಯಿಂದ ಅಳತೇನೇ ಇಲ್ಲದೆ ಗಾಜು ಕೊಯ್ತಾ ಕೂತಿದ್ದೆ. ಅಂಗಡೀಲಿ ಯಾರಾದ್ರೂ ಹಾಗೆ ಮಾಡಿದ್ರೆ ಕತ್ತು ಹಿಡಿದು ಆಚೆ ತಳ್ತಿದ್ದೆ.

ನಿನ್ನ ಬೆರಳು ಓಡೋದು ನೋಡಿದ್ರೆ ಖುಷಿಯಾಗುತ್ತೆ ಕಣೋ. ಮುಖಸ್ತುತಿ ಅಲ್ಲ. ನಾನು ಒಂದೇ ಬೆರಳಲ್ಲಿ ಕುಟ್ಟೋನು, ಒಂದು ಸಾಲು ಹೊಡೆಯೋ ಹೊತ್ತಿಗೆ ಮೊದಲ ಪದ ಯಾಕೆ ಬರೆದೆ ಅಂತ ಮರೆತಿರ್ತೀನಿ. ಆದ್ರೂ ಈ ಕಂಪ್ಯೂಟರ್ ನಡೆಸೋ ಲಿನಕ್ಸನ್ನ ಬಿಡಲ್ಲ ನಾನು. ಎಲ್ಲರೂ ಸೇರಿ ಬರೆದಿದ್ದು, ಎಲ್ಲರದ್ದೂ. ಯಾರ ಪಾಲು ಎಷ್ಟು ಅಂತ ಯಾರೂ ಗೆರೆ ಎಳೆದಿಲ್ಲ. ನಮ್ಮ ಗೇಟಿನ ಹಾಗಲ್ಲ.

ಗೇಟಿನ ಮಾತೆತ್ತಬಾರದಿತ್ತಾ? ಆಯ್ತು, ಎತ್ತಲ್ಲ. ಆದ್ರೆ ಒಂದೇ ಗೇಟಿಗೆ ನಿಂದು ಒಂದು ಬಾಗಿಲು ಹಸಿರು, ನಂದು ಒಂದು ಬಾಗಿಲು ನೀಲಿ. ಹೊಸಬರು ಬಂದ್ರೆ ಎರಡು ಮನೆ ಅಂದ್ಕೊಂಡು ಎರಡು ಸಲ ಬೆಲ್ ಹೊಡೀತಾರೆ. ಆ ಬಣ್ಣದ ಜಗಳಕ್ಕೆ ನೀನು ಮಾತು ಬಿಟ್ಟೆ, ಸರಿ. ಫೋನಿನ ಹಾಟ್‌ಸ್ಪಾಟಿಗೆ "ಹಸಿರೇ ಚೆಂದ" ಅಂತ ಹೆಸರಿಡೋ ಅಗತ್ಯ ಏನಿತ್ತು? ಮಾತು ಬಿಟ್ಟವನು ಪೂರ್ತಿ ಬಿಡಬೇಕಪ್ಪ. ಅದಕ್ಕೇ ನಾನೂ ನಮ್ಮ ವೈಫೈಗೆ "ಹಸಿರು ಅಂದೋರಿಗೆ ಕಣ್ಣು ಪರೀಕ್ಷೆ ಫ್ರೀ" ಅಂತ ಇಟ್ಟಿದ್ದು. ನೀನು ಅದಕ್ಕೊಂದು ಉತ್ತರ, ನಾನು ಅದಕ್ಕೊಂದು. ಕೊನೆಗೆ ಎದುರುಮನೆ ಟೀಚರ್ ತಮ್ಮ ವೈಫೈಗೆ "ಇಬ್ಬರೂ ಬಾಯಿ ಮುಚ್ಚಿ" ಅಂತ ಇಟ್ಟುಬಿಟ್ರು. ಈಗ್ಲೂ ಅದೇ ಹೆಸರಿದೆ. ಅವರ ಮನೆಗೆ ಬಂದ ನೆಂಟರು ಪಾಸ್‌ವರ್ಡ್ ಕೇಳೋಕೂ ಹೆದರ್ತಾರಂತೆ.

ಅದನ್ನ ಓದೋಕೆ ವೈರ್‌ಲೆಸ್ ಬೇಕು ಅಂದ್ಕೊಂಡ್ಯಾ? ಛೆ, ಅಷ್ಟು ಕೆಲಸ ಇಲ್ಲದವನಲ್ಲ ನಾನು. ಬೇರೆ ಏನೋ ಇದೆ. ಅಂಗಡಿ ವಿಷಯ. ಫೋನಲ್ಲಿ ನೋಡಬಹುದಲ್ಲ ಅಂತ ಹೇಳಬೇಡ, ನನ್ನದು ಬಟನ್ ಫೋನು, ಅದರಲ್ಲಿ ವೈಫೈ ಎಲ್ಲಿಂದ ಬರಬೇಕು.

ಅಬ್ಬಾ, ಎಷ್ಟು ಸಾಲು ಓಡ್ತಿದೆ. ಇದೇನಾ ಗಾಜು ಕೊಯ್ಯೋದು? ಎಚ್ಚರಿಕೆ ಅಂತ ಬಂತು, ಹಳದಿ ಬಣ್ಣದಲ್ಲಿ... ಪರವಾಗಿಲ್ವಾ? ನೀನು ಕೈ ಬೀಸಿದ್ರೆ ಪರವಾಗಿಲ್ಲ ಅಂತ ತಿಳ್ಕೊಳ್ತೀನಿ. ನಾನಾಗಿದ್ರೆ ಹಳದಿ ನೋಡಿದ ಕೂಡ್ಲೇ ಪ್ಲಗ್ಗೇ ಕಿತ್ತಿರ್ತಿದ್ದೆ.

ನಿಂತುಹೋಯ್ತು. ತಪ್ಪು ಅಂತ ಏನೂ ಬರಲಿಲ್ಲ. ಆಯ್ತಾ? ಆಯ್ತು ಅನ್ಸುತ್ತೆ, ನಿನ್ನ ಭುಜ ಇಳೀತು. ಅಂದ್ರೆ ಈಗ ಡ್ರೈವರ್ ಹಾಕಿದ ಕೂಡ್ಲೇ ವೈಫೈ ಬಂದುಬಿಡುತ್ತೆ. ಬಂದ ಕೂಡ್ಲೇ...

ಇರು. ಇರು, ಇರು. ಆ ಬಟನ್ ಒತ್ತಬೇಡ.

ಏನಿಲ್ಲ. ಇಷ್ಟು ಮಾಡಿದ್ದೀಯ, ಸಾಕು. ಉಳಿದಿದ್ದು ನಾನೇ ಮಾಡ್ಕೊಳ್ತೀನಿ. ನೀನು ಮೇಲೆ ಹೋಗು, ಹಸಿದಿರ್ತೀಯ. ಇಷ್ಟೊತ್ತು ಕೂತ್ಕೋ ಕೂತ್ಕೋ ಅಂತಿದ್ದೆ, ನಿಜ. ಈಗ ಏಳು ಅಂತಿದ್ದೀನಿ. ಮನುಷ್ಯನಿಗೆ ಮನಸ್ಸು ಬದಲಾಗಲ್ವಾ? ಕೀಬೋರ್ಡ್ ಕೊಡು ಇಲ್ಲಿ. ಕೊಡೋ. ನನ್ನ ಕಂಪ್ಯೂಟರು, ನನ್ನ ಮೇಜು, ಕೊನೇ ಬಟನ್ ಒತ್ತೋ ಭಾಗ್ಯಾನಾದ್ರೂ ನನಗಿರಲಿ... ಯಾಕೆ ಹಾಗೆ ಕಣ್ಣು ಸಣ್ಣ ಮಾಡ್ತೀಯ? ಒಳಗೆ ಏನೂ ಬಚ್ಚಿಟ್ಟಿಲ್ಲ ನಾನು. ಆಣೆಗೂ ಇಲ್ಲ. ಆಣೆ ಬೇಡ ಬಿಡು. ನೀನು ಆ ಕಡೆ ತಿರುಗ್ಕೋ, ಗೋಡೆ ನೋಡು, ಆಗ ನೋಡ್ತಿದ್ದೆಯಲ್ಲ, ಅದೇ ಗೋಡೆ...

ಒತ್ತಿಬಿಟ್ಯಾ.

...

ಆ ಗಂಟೆ ಶಬ್ದಾನಾ? ಅದು ಹಾಗೇ, ಸುಮ್ಮನೆ ಹೊಡ್ಕೊಳ್ಳುತ್ತೆ. ಲಿನಕ್ಸಲ್ಲಿ ಇಂಥವೆಲ್ಲಾ ಇದ್ದಿದ್ದೇ. ಓದಬೇಡ. ಓದಬೇಡವೋ. ಅಷ್ಟು ದಪ್ಪ ಅಕ್ಷರ ಯಾಕೆ ಇಟ್ನೋ ನಾನು, ಕಣ್ಣಿನ ಡಾಕ್ಟರ ಬೋರ್ಡಿನ ಹಾಗೆ...

"ಸಣ್ಣೋನು ಮನೆಗೆ ಬಂದ. ಇನ್ನು ಊಟಕ್ಕೆ ಏಳು."

ಸಣ್ಣೋನು ಅಂದ್ರೆ ನೀನಲ್ಲ. ನಿನ್ನನ್ನ ಸಣ್ಣೋನು ಅಂತ ಕರೆದು ಎಷ್ಟು ಕಾಲ ಆಯ್ತು. ಅದು... ಬೆಕ್ಕು. ಸಾಕಬೇಕು ಅಂತಿರೋ ಬೆಕ್ಕಿಗೆ ಮುಂಚೇನೇ ಇಟ್ಟ ಹೆಸರು. ಅದು ಮನೆಗೆ ಬಂದ್ರೆ... ನಾನು... ಊಟಕ್ಕೆ...

ಏನೇ? ...ನೀನು ಸುಮ್ಮನಿರು. "ದಿನಾ ಹಸಿವಿಲ್ಲ ಹಸಿವಿಲ್ಲ ಅಂತ ಎಳೀತಿದ್ದಿದ್ದು ಇದಕ್ಕಾ" ಅಂತ ಅಲ್ಲಿಂದಲೇ ಕೂಗಬೇಡ, ಅವನ ಮುಂದೆ.

ಏನಾದ್ರೂ ಅನ್ನೋ. ಹಾಗೆ ನೋಡಬೇಡ.

ಹೂಂ. ನೀನೇ. ನಿನ್ನ ಫೋನು ಮನೆ ಹತ್ರ ಬಂದ್ರೆ, ಸದಾ ಆನ್ ಇರೋ ನಿನ್ನ ಹಾಟ್‌ಸ್ಪಾಟ್ ಹೆಸರು ಇದರಲ್ಲಿ ಕಾಣುತ್ತೆ. ಕಂಡ ಕೂಡ್ಲೇ ಗಂಟೆ ಹೊಡೆಯೋ ಹಾಗೆ ಒಂದು ಪುಟ್ಟ ಪ್ರೋಗ್ರಾಂ ಬರ್ಕೊಂಡಿದ್ದೀನಿ, ಒಂದೇ ಬೆರಳಲ್ಲಿ. ಹಳೇ ಬೈಕಿದ್ದಾಗ ಇದೆಲ್ಲಾ ಬೇಕಿರಲಿಲ್ಲ, ನೀನು ಬೀದಿ ತುದಿಗೆ ಬಂದ್ರೆ ಇಲ್ಲಿ ಪಾತ್ರೆ ಅದುರ್ತಿತ್ತು. ಈಗ ನೀನು ಕರೆಂಟ್ ಗಾಡಿ ತಗೊಂಡೆ. ಬಂದ್ಯೋ ಇಲ್ವೋ, ಒಂದು ಸದ್ದಿಲ್ಲ. ಕೇಳೋಣ ಅಂದ್ರೆ ಮಾತಿಲ್ಲ. ಆವತ್ತು ನೀನು ಗಾಡಿ ಜಾರಿ ಬಿದ್ದು ಆಸ್ಪತ್ರೇಲಿ ಮಲಗಿದ್ಯಲ್ಲ, ಆಗ ನಾನು ಇಲ್ಲಿ, ಇದೇ ಮನೇಲಿ, ಇನ್ನೊಂದು ಸಲ ಬಡಿಸಿಕೊಂಡು ಉಂಡು ತೇಗಿದ್ದೆ. ನನಗೆ ಗೊತ್ತಾಗಿದ್ದು ಮಾರನೇ ದಿನ. ಆಮೇಲೆ ನೀನು ಬಂದಿದ್ದು ಗೊತ್ತಾಗದೆ ನನಗೆ ತುತ್ತು ಇಳಿಯಲ್ಲ. ಅಷ್ಟೇ ಕಣೋ. ನಿನ್ನೆ ಸಂಜೆ ಗುರುತೇ ಇರಲಿಲ್ಲ, ಗಂಟೇನೂ ಹೊಡೀಲಿಲ್ಲ. ನಿಮ್ಮತ್ತಿಗೆ ಬೆಳಗ್ಗೆ ನಿನ್ನನ್ನ ಮೆಟ್ಟಿಲ ಮೇಲೆ ನೋಡಿದೆ ಅನ್ನೋ ತನಕ ನಾನು ಮನುಷ್ಯನಾಗಿರಲಿಲ್ಲ.

ಕನ್ನಡಕ ಯಾಕೆ ತೆಗೆದೆ? ಮಸುಕಾಗಿದ್ರೆ ಅಂಗೀಲಿ ಒರೆಸಬೇಡ, ಗೀರು ಬೀಳುತ್ತೆ. ಬಟ್ಟೆ ಕೊಡ್ತೀನಿ, ತಡಿ... ಬೇಡ್ವಾ.

ಏ, ಸ್ಕ್ರೀನಿಗೆ ಯಾಕೆ ಕೈ ಅಡ್ಡ ಇಟ್ಟೆ? ಈಗ ತಾನೇ ಸರಿ ಮಾಡಿದ್ದೀಯ, ವೈಫೈ ಬಂದಿದ್ದನ್ನ ನಾನು ಕಣ್ತುಂಬ ನೋಡೂ ಇಲ್ಲ. ತೆಗಿ ಕೈನ. ಸಣ್ಣೋನೇ, ಕೈ ತೆಗಿ ಅಂದೆ... ಎತ್ತಲಾಗಿ ತೋರಿಸ್ತಿದ್ದೀಯ? ಅಡುಗೆಮನೆ ಕಡೆಗಾ?

ನಾನೊಬ್ಬನೇನಾ, ನೀನೂ ಬರ್ತೀಯಾ?

...ಸರಿ. ಎದ್ದೆ. ಹಾಗೆ ಕೈ ಎಳೀಬೇಡ, ಬಿದ್ದುಬಿಡ್ತೀನಿ, ನಿಧಾನ.