ಅವಳ ಕೈ ಅವಳಿಗೇ ಬೇಕು

ಈ ಸಭೆಯ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಮುಖ್ಯೋಪಾಧ್ಯಾಯಿನಿಯವರೇ, ನನ್ನ ಮಕ್ಕಳನ್ನು ತಿದ್ದಿದ ಶಿಕ್ಷಕರೇ, ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿರುವ ಮತ್ತು ಹಿಂದಿನ ಸಾಲಿನಲ್ಲಿ ಆರಾಮಾಗಿ ಒರಗಿರುವ ಸಭಿಕರೇ,

ನಾನು ಬೇಕರಿಯವನು. ಈ ಶಾಲೆಗೆ ಇಷ್ಟು ವರ್ಷ ಬನ್ನಿನ ಟ್ರೇ ಹೊತ್ತುಕೊಂಡು ಹಿಂಬಾಗಿಲಿನಿಂದ ಬಂದವನು. ಇವತ್ತು ಮುಂಬಾಗಿಲಿನಿಂದ ಕರೆದು, ಕುರ್ಚಿ ಹಾಕಿ, ಕೈಗೆ ಮೈಕು ಕೊಟ್ಟಿದ್ದೀರಿ. ಗಣಿತದಲ್ಲಿ ಶಾಲೆಗೇ ಮೊದಲು ಬಂದ ಹುಡುಗಿಯ ತಂದೆ ಎಂಬ ಕಾರಣಕ್ಕೆ. ಅವಳಿಗೆ ಆ ಗಣಿತ ನನ್ನಿಂದ ಬಂದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಲೆಕ್ಕ ಡಜನ್ನಿಗೇ ಮುಗಿಯುತ್ತದೆ.

ಮಕ್ಕಳನ್ನು ಮಹಾನಗರದ ಖಾಸಗಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡಿರುವ ತಂದೆತಾಯಿಗಳಿಗೆ ನಾಲ್ಕು ಮಾತು ಹೇಳಿ ಎಂದರು ಮುಖ್ಯೋಪಾಧ್ಯಾಯಿನಿಯವರು. ಬುದ್ಧಿ ಹೇಳುವಷ್ಟು ನಾನು ದೊಡ್ಡವನಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನನಗೆ ಅವಳಿ ಹೆಣ್ಣುಮಕ್ಕಳು. ಮೊದಲು ಹುಟ್ಟಿದವಳು ದೊಡ್ಡವಳು, ಹಿಂದೆಯೇ ಬಂದವಳು ಚಿಕ್ಕವಳು. ಮನೆಯಲ್ಲಿ ಹಾಗೇ ಕರೆಯುತ್ತೇವೆ. ತೊಟ್ಟಿಲಲ್ಲಿದ್ದಾಗ ಬಂದ ಒಂದು ಜ್ವರ ದೊಡ್ಡವಳ ಕಿವಿಯನ್ನು ತೆಗೆದುಕೊಂಡು ಹೋಯಿತು. ಅವರ ತಾಯಿ ಎಲ್ಲೆಲ್ಲೋ ಓಡಾಡಿ ಸನ್ನೆ ಭಾಷೆ ಕಲಿತು ಬಂದು ಇಬ್ಬರಿಗೂ ಕಲಿಸಿದಳು. ನನ್ನ ಕೈ ಯಾವಾಗಲೂ ಹಿಟ್ಟಿನಲ್ಲಿ. ದೊಡ್ಡವಳಿಗೆ ಏನಾದರೂ ಹೇಳಬೇಕಾದರೆ ಚಿಕ್ಕವಳನ್ನು ಕೂಗುತ್ತಿದ್ದೆ. "ನಿಮ್ಮಕ್ಕನಿಗೆ ಊಟಕ್ಕೆ ಬಾ ಅನ್ನು", "ಆ ಪುಸ್ತಕ ಸಾಕು ಮಾಡು ಅನ್ನು." ಅವಳು ಹೇಳುತ್ತಿದ್ದಳು. ಮನೆ ಚೆನ್ನಾಗಿಯೇ ನಡೆಯುತ್ತಿತ್ತು.

ಶಾಲೆಯಲ್ಲೂ ಅದೇ. ಎರಡನೇ ಬೆಂಚು, ಗೋಡೆಯ ಪಕ್ಕ. ಮೇಷ್ಟರು ಹೇಳಿದ್ದನ್ನೆಲ್ಲ ಚಿಕ್ಕವಳು ಕೈಯಲ್ಲಿ ಹೇಳುವುದು, ದೊಡ್ಡವಳು ನೋಡಿ ಬರೆದುಕೊಳ್ಳುವುದು. ಹನ್ನೊಂದನೇ ತರಗತಿಗೆ ಅಕ್ಕನಿಗೆ ವಿಜ್ಞಾನ ಬೇಕೆಂದಾಗ ತಂಗಿಯೂ ವಿಜ್ಞಾನಕ್ಕೇ ಸೇರಿದಳು. ನಿನಗೇನು ಬೇಕು ಎಂದು ಅವಳನ್ನು ಯಾರು ಕೇಳಿದರು? ಕೇಳಬೇಕು ಎಂದು ಯಾರಿಗೆ ಹೊಳೆಯಿತು? ಅಕ್ಕನಿಗೆ ತೊಂಬತ್ತರ ಮೇಲೆ ಬಂದಾಗ ತಂಗಿಗೆ ಅಂತೂ ಇಂತೂ ಪಾಸು. "ಒಬ್ಬಳಿಗೆ ತಲೆ, ಇನ್ನೊಬ್ಬಳಿಗೆ ಬಾಯಿ" ಎಂದು ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದೆ. ಚಿಕ್ಕವಳೂ ನಗುತ್ತಿದ್ದಳು.

ಕಳೆದ ವರ್ಷ ಆ ವಿಶ್ವವಿದ್ಯಾಲಯದ ಸುದ್ದಿ ತಂದವರು ನಿಮ್ಮ ಗಣಿತದ ಮೇಡಂ. ಅಲ್ಲಿ ತರಗತಿಯಲ್ಲೇ ಸನ್ನೆ ಭಾಷೆಯ ದುಭಾಷಿಗಳಿದ್ದಾರೆ, ದೊಡ್ಡವಳು ಅರ್ಜಿ ಹಾಕಲಿ ಎಂದರು. ನಾನು ಒಪ್ಪಲಿಲ್ಲ. ಇಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ ಸರ್ಕಾರಿ ಕಾಲೇಜಿದೆ, ಇಬ್ಬರೂ ಜೊತೆಗೆ ಹೋಗುತ್ತಾರೆ, ಜೊತೆಗೆ ಬರುತ್ತಾರೆ. ಆ ಮಹಾನಗರದಲ್ಲಿ ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆದರೆ ನನ್ನ ಮಗಳಿಗೆ ಯಾರು ಹೇಳಬೇಕು?

ಚಿಕ್ಕವಳು ನನಗಿಂತ ಗಟ್ಟಿ. "ಅಪ್ಪಾ, ನಾನಿರುವಾಗ ಅವಳಿಗೆ ಇನ್ನೊಬ್ಬರು ಯಾಕೆ?" ಎಂದಳು.

ದೊಡ್ಡವಳಿಗೂ ಭಯವಿತ್ತು. ಕೊನೆಗೆ ಅವರ ತಾಯಿ, "ನೋಡಿಕೊಂಡು ಬರೋಣ. ನೋಡೋದಕ್ಕೆ ಯಾರೂ ದುಡ್ಡು ಕೇಳಲ್ಲ" ಎಂದು ಬೇಕರಿಗೆ ಬೀಗ ಹಾಕಿಸಿದಳು.

ಹೋದೆವು. ಎಲ್ಲಿ ನೋಡಿದರೂ ಗಾಜು. ಬಾಗಿಲೆಂದುಕೊಂಡು ಒಂದು ಗಾಜಿನ ಗೋಡೆಗೆ ಹಣೆ ಹೊಡೆದುಕೊಂಡೆ. ಹೊಸ ಮಕ್ಕಳಿಗೆ ತೋರಿಸಲೆಂದೇ ದೊಡ್ಡ ಸಭಾಂಗಣದಲ್ಲಿ ಒಂದು ಪಾಠ ಇಟ್ಟಿದ್ದರು. ಪ್ರೊಫೆಸರ್ ಪಕ್ಕದಲ್ಲಿ ಕಪ್ಪು ಅಂಗಿ ತೊಟ್ಟ ಒಬ್ಬ ಹೆಂಗಸು ನಿಂತು, ಅವರು ಬಾಯಿ ತೆರೆಯುತ್ತಿದ್ದ ಹಾಗೆಯೇ ಕೈಯಲ್ಲಿ ಹೇಳುತ್ತಿದ್ದರು. ನಾವು ನಾಲ್ವರೂ ಒಂದೇ ಸಾಲಿನಲ್ಲಿ ಕೂತಿದ್ದೆವು. ಚಿಕ್ಕವಳು ಅಭ್ಯಾಸಬಲದಿಂದ ಅಕ್ಕನ ಕಡೆ ತಿರುಗಿ ಕೈ ಎತ್ತಿದಳು. ದೊಡ್ಡವಳು ಇವಳ ಕಡೆ ನೋಡುತ್ತಿರಲಿಲ್ಲ. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಚಿಕ್ಕವಳು ತೊಡೆಯ ಕೆಳಗೆ ತುರುಕಿಕೊಂಡಳು.

ಅಷ್ಟರಲ್ಲಿ ಪ್ರೊಫೆಸರ್ ಏನೋ ಒಂದು ಹಾಸ್ಯ ಮಾಡಿದರು. ನನಗೆ ಅರ್ಥವಾಗಲಿಲ್ಲ. ಸಭೆಯೆಲ್ಲ ನಕ್ಕಿತು. ದೊಡ್ಡವಳೂ ನಕ್ಕಳು.

ಸಭಿಕರೇ, ಅದರಲ್ಲೇನಿದೆ ಎನ್ನುತ್ತೀರಾ? ನನ್ನ ಮಗಳು ಚಿಕ್ಕಂದಿನಿಂದ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುವವಳು. ನಾವು ನಗುತ್ತೇವೆ, ಅವಳು ನಮ್ಮ ಮುಖ ನೋಡುತ್ತಾಳೆ, ಚಿಕ್ಕವಳು ಹೇಳುತ್ತಾಳೆ, ಆಮೇಲೆ ಅವಳೊಬ್ಬಳೇ ನಗುತ್ತಾಳೆ. ಆವತ್ತು ಅವಳು ಎಲ್ಲರ ಜೊತೆಗೆ ನಕ್ಕಳು. ನಗದೆ ಕೂತಿದ್ದವನು ನಾನೊಬ್ಬನೇ.

ವಾಪಸ್ ಬರುವಾಗ ರೈಲಿನಲ್ಲಿ ಚಿಕ್ಕವಳು ಕಿಟಕಿಯಾಚೆ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ದಿನ ನಾನು ಹೇಳಿದ್ದು ಸರಿ ಇರಲಿಲ್ವಾ ಅಪ್ಪಾ?" ಎಂದಳು. ಎದುರಿಗೆ ಕೂತಿದ್ದ ದೊಡ್ಡವಳು ತಂಗಿಯ ತುಟಿ ನೋಡುತ್ತಿದ್ದಳು. ಮುಂದೆ ಬಾಗಿ ಕೈಯಲ್ಲಿ ಏನೋ ಹೇಳಿದಳು. ಚಿಕ್ಕವಳ ಕಣ್ಣು ತುಂಬಿತು.

"ಏನಂದಳು?" ಎಂದೆ.

"ನಾನು ಹೇಳಲ್ಲ. ನೀವೇ ಕೇಳಿಕೊಳ್ಳಿ."

ಅವರ ತಾಯಿಯ ಕಡೆ ನೋಡಿದೆ. ಅವಳು ಬೇಕೆಂದೇ ಚೀಲದೊಳಗೆ ಏನೋ ಹುಡುಕತೊಡಗಿದಳು. ಬೇರೆ ದಾರಿಯಿಲ್ಲದೆ ನಾನೇ ದೊಡ್ಡವಳ ಮುಂದೆ ಕೈ ಎತ್ತಿದೆ. ಏನು ಕೇಳಿದೆನೋ ದೇವರೇ ಬಲ್ಲ. ಅವಳಿಗೆ ಮೊದಲು ನಗು ಬಂತು. ಆಮೇಲೆ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ, ಒಂದೊಂದೇ ಸನ್ನೆಯನ್ನು ನಿಲ್ಲಿಸಿ ನಿಲ್ಲಿಸಿ, ತಪ್ಪು ತಿಳಿದಾಗ ತಲೆಯಾಡಿಸಿ, ಮತ್ತೆ ಮೊದಲಿನಿಂದ ಹೇಳಿದಳು. ಎರಡು ಸ್ಟೇಷನ್ ದಾಟಿದವು. ನನಗೆ ತಿಳಿದದ್ದು ಇಷ್ಟು: "ತಂಗಿ ಎಲ್ಲ ಸರಿಯಾಗಿಯೇ ಹೇಳಿದಳು. ಆದರೆ ನನಗೆ ಹೇಳುತ್ತಿದ್ದರೆ ಅವಳು ಬರೆದುಕೊಳ್ಳುವುದು ಯಾವಾಗ? ಅವಳ ಕೈ ಅವಳಿಗೇ ಬೇಕು."

ತಲೆ ಒಬ್ಬಳಿಗೆ, ಬಾಯಿ ಒಬ್ಬಳಿಗೆ ಎಂದು ಆಮೇಲೆ ನಾನು ಯಾವ ಗಿರಾಕಿಗೂ ಹೇಳಿಲ್ಲ.

ಮಾರನೆಯ ದಿನವೇ ದೊಡ್ಡವಳು ಅರ್ಜಿ ಹಾಕಿದಳು. ಶುಲ್ಕದಲ್ಲಿ ರಿಯಾಯಿತಿ ಕೊಟ್ಟು ಸೇರಿಸಿಕೊಂಡಿದ್ದಾರೆ. ಮುಂದಿನ ವಾರ ಹೊರಡುತ್ತಾಳೆ. ಚಿಕ್ಕವಳನ್ನು ಕೂರಿಸಿಕೊಂಡು ನಿನಗೇನು ಓದಬೇಕು ಎಂದು ಕೇಳಿದೆವು. "ಗೊತ್ತಿಲ್ಲ, ಸ್ವಲ್ಪ ಟೈಮ್ ಕೊಡಿ" ಎಂದಳು. ಒಂದು ವಾರ ಬೇಕರಿಯ ಗಾಜು ಒರೆಸುತ್ತ ಯೋಚಿಸಿದಳು. ಗಾಜು ಅಷ್ಟು ಫಳಫಳ ಹೊಳೆದದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಬಂದು, ಇಲ್ಲಿಯ ಕಾಲೇಜಿನಲ್ಲೇ ಇತಿಹಾಸ ಓದುತ್ತೇನೆ ಎಂದಳು.

"ಇತಿಹಾಸ ಓದಿ ಬೇಕರಿಯಲ್ಲಿ ಏನಮ್ಮ ಮಾಡ್ತೀಯ?" ಎಂದೆ.

"ನಿಮ್ಮ ರಸ್ಕು ಯಾವ ಕಾಲದ್ದು ಅಂತ ಕಂಡುಹಿಡೀತೀನಿ" ಎಂದಳು.

ನೀವು ನಗುತ್ತಿದ್ದೀರಿ. ದೊಡ್ಡವಳೂ ನಗುತ್ತಿದ್ದಾಳೆ, ಈಗ ಸ್ವಲ್ಪ ತಡವಾಗಿ. ನಾನು ಹೇಳುವುದನ್ನೆಲ್ಲ ಪಕ್ಕದಲ್ಲಿ ಕೂತು ಅವಳಿಗೆ ತಿಳಿಸುತ್ತಿರುವವಳು ಅವರ ತಾಯಿ. ಚಿಕ್ಕವಳಿಗೆ ಇವತ್ತು ರಜೆ ಕೊಟ್ಟಿದ್ದೇವೆ. ಕೈಕಟ್ಟಿ ಕೂತಿದ್ದಾಳೆ, ಆದರೂ ಬೆರಳು ಸುಮ್ಮನಿಲ್ಲ. ಇನ್ನು ಮುಂದೆ ದೊಡ್ಡವಳ ಜೊತೆ ವಿಡಿಯೋ ಕಾಲಿನಲ್ಲಿ ನಾನೇ ಮಾತಾಡಬೇಕು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಸೇರಿ ನನಗೆ ಕಲಿಸುತ್ತಾರೆ. ಊಟ ಆಯಿತಾ ಎಂದು ಕೇಳಲು ಹೋಗಿ ಮೊನ್ನೆ ಏನೋ ಬೈದೆನಂತೆ. ಏನು ಬೈದೆ ಎಂದು ಇನ್ನೂ ಹೇಳಿಲ್ಲ.

ಯಾರ ಮಕ್ಕಳನ್ನು ಎಲ್ಲಿಗೆ ಕಳಿಸಬೇಕು ಎಂದು ನಾನು ಹೇಳಲಾರೆ. ಒಮ್ಮೆ ಅವರನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ನೋಡಿ. ಅಷ್ಟೇ.

ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿಕೊಂಡ ಈ ಶಾಲೆಗೆ, ಸುದ್ದಿ ತಂದ ಮೇಡಮ್ಮನವರಿಗೆ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ ನಾನು ಋಣಿ. ಮೈಕನ್ನು ಸ್ವಲ್ಪ ಹಿಡಿದುಕೊಳ್ಳಿ ಸರ್, ನನಗೆ ಎರಡೂ ಕೈ ಬೇಕು. ದೊಡ್ಡವಳೇ, ಅಮ್ಮನ ಕಡೆ ನೋಡಬೇಡ, ನನ್ನ ಕಡೆ ನೋಡು. ಈ ಒಂದು ಮಾತು ಬಾಯಲ್ಲೂ ಅದೇ, ಕೈಯಲ್ಲೂ ಅದೇ. ಇದನ್ನು ನಾನು ತಪ್ಪಿಲ್ಲದೆ ಹೇಳಬಲ್ಲೆ.

ನಮಸ್ಕಾರ.