ಕೆಸರು ಹೆರೆಯುವ ಸದ್ದು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ... ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಓಣಿಯ ದಿಯೋಲಿಂದಾಳಿಗೆ ಆದದ್ದು.

ಆವತ್ತು ಕತ್ತಲಾದ ಮೇಲೆ ಅವಳು ಒಬ್ಬಳೇ ಇಳಿಜಾರು ಇಳಿದು ಮನೆಗೆ ಬರುತ್ತಿದ್ದಳು. ಕಂಕುಳಲ್ಲಿ ಇದ್ದಿಲಿನ ಚೀಲ, ಕೈಯಲ್ಲಿ ಮೊಂಬತ್ತಿ. ಬಾವಿಯ ಪಕ್ಕ ಆ ಹಳೇ ಅತ್ತಿಮರ ಇದೆಯಲ್ಲ, ಅದರ ಕೊಂಬೆ ಕೊಂಬೆಗೂ ನದಿ ಬಿಟ್ಟುಹೋದ ಚಿಂದಿ ಬಟ್ಟೆ, ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಗಾಳಿಗೆ ಪರಪರ ಅನ್ನುತ್ತಿತ್ತು. ಅದನ್ನು ದಾಟಿದಳು. ಆಗ ಕೇಳಿಸಿತು...

ಸರ್ರ್... ಟಕ್. ಸರ್ರ್... ಟಕ್.

ಸಲಿಕೆಯಲ್ಲಿ ಕೆಸರು ಹೆರೆದು, ಸಲಿಕೆಯನ್ನು ನೆಲಕ್ಕೆ ಕುಟ್ಟಿ ಕೊಡವುವ ಸದ್ದು. ಅವಳ ಮನೆಯೊಳಗಿಂದಲೇ.

ಕೇರಿಗೆ ಇನ್ನೂ ಯಾರೂ ವಾಪಸು ಬಂದಿರಲಿಲ್ಲ. ಪರಗ್ವಾಯ್ ನದಿ ಆ ವರ್ಷ ನಮ್ಮ ತಗ್ಗನ್ನು ಪೂರ್ತಿ ನುಂಗಿತ್ತು. ನಾವೆಲ್ಲ ಮೇಲೆ, ಅಸುನ್ಸಿಯೋನ್ ಪಟ್ಟಣದ ಚೌಕಗಳಲ್ಲಿ ಹಲಗೆ ಗುಡಿಸಲು ಹಾಕಿಕೊಂಡು ದಿನ ತಳ್ಳುತ್ತಿದ್ದೆವು. ದಿಯೋಲಿಂದಾಳ ಗಂಡ ಸಿಂದುಲ್ಫೊ ಮಾತ್ರ, ಕಳ್ಳರು ತಗಡು ಬಿಚ್ಚಿಕೊಂಡು ಹೋಗುತ್ತಾರೆಂದು, ಮಾಡಿನ ಮೇಲೇ ಕೂತು ಮನೆ ಕಾದ. ಅಲ್ಲೇ ಜ್ವರ ಹಿಡಿಯಿತು. ದೋಣಿಯಲ್ಲಿ ಮಲಗಿಸಿ ತಂದಾಗ ಮೈ ಕೆಂಡ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ.

ಅವಳು ಅಳಲಿಲ್ಲ. ಮಣ್ಣು ಮಾಡುವಾಗ ಯಾರೋ ಕೊಟ್ಟ ಚಿಪಾ ರೊಟ್ಟಿಯನ್ನು ಹಿಡಿದೇ ನಿಂತಿದ್ದಳು. ಅದನ್ನು ತಿನ್ನಬೇಕು ಅನ್ನುವುದೂ ಮರೆತವಳ ಹಾಗೆ.

ನೀರು ಇಳಿದದ್ದೇ ತಡ, ಸಲಿಕೆ ಹೆಗಲಿಗೇರಿಸಿ ಹೊರಟಳು. ತಂಗಿ ಎರ್ಮಿನಿಯಾ ಅಡ್ಡ ನಿಂತಳು.

"ಆ ಕೆಸರಲ್ಲಿ ಏನೇ ನಿಧಿ ಹೂತಿಟ್ಟಿದೀಯ? ನಮ್ಮನೇಲೇ ಇದ್ದುಬಿಡು."

"ಮನೆ ಒಣಗ್ಬೇಕಲ್ಲ."

"ಒಣಗಿಸು, ಒಣಗಿಸು! ಮುಂದಿನ ಸಲ ನದಿ ಬಂದು ಮತ್ತೆ ತೊಳ್ಕೊಡತ್ತೆ."

"ತೊಳೀಲಿ ಬಿಡೇ."

ಇಷ್ಟೇ ಅವಳ ಮಾತು.

ಹೂಂ... ಇದ್ದಿಲು ತರಲು ಮೇಲೆ ಹೋಗಿ ಬರುವಾಗ ಸದ್ದು ಕೇಳಿಸಿತು ಅಂದೆನಲ್ಲ. ಇನ್ನೊಬ್ಬರಾದರೆ ಬಂದ ದಾರಿಯಲ್ಲೇ ಓಡುತ್ತಿದ್ದರು. ಇವಳು ನೇರ ಒಳಗೆ ಹೋದಳು. ಸದ್ದು ನಿಂತಿತು. ಮೊಂಬತ್ತಿ ಎತ್ತಿ ಹಿಂದಿನ ಕೋಣೆ ನೋಡಿದಳು. ಮೊಣಕಾಲುದ್ದ ಕೆಸರು ತುಂಬಿದ್ದ ಕೋಣೆ. ಈಗ ಅರ್ಧ ನೆಲ ಕಾಣುತ್ತಿತ್ತು. ಹೆರೆದ ಕೆಸರು ಬಾಗಿಲ ಬಳಿ ಗುಡ್ಡೆಯಾಗಿ ಕೂತಿತ್ತು. ಮನುಷ್ಯರು ಮಾತ್ರ ಯಾರೂ ಇಲ್ಲ.

ಸಿಂದುಲ್ಫೊ, ಅಂದುಕೊಂಡಳು. ಹೆದರಿಕೆಯೂ ಆಗಲಿಲ್ಲ, ಖುಷಿಯೂ ಆಗಲಿಲ್ಲ.

"ಕಿಟಕಿ ಕೆಳಗೆ ಬಿಟ್ಟಿದೀಯ ನೋಡು," ಅಂದು, ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಮಲಗಿದಳು.

ಬೆಳಿಗ್ಗೆ ನೋಡಿದರೆ... ಕಿಟಕಿ ಕೆಳಗೂ ಹೆರೆದಿತ್ತು.

ಆಮೇಲೆ ಅದೇ ರೂಢಿಯಾಯಿತು. ಹಗಲೆಲ್ಲ ಅವಳು ನೆನೆದ ಹಾಸಿಗೆ ಹೊರಗೆ ಎಳೆಯುವಳು, ಬೂಷ್ಟು ಹಿಡಿದ ಗೋಡೆ ಉಜ್ಜುವಳು, ಸುಣ್ಣಕ್ಕೆ ಉಪ್ಪು ಕಲಸುವಳು. ಕತ್ತಲಾದರೆ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ ಮುಂದಿನ ಕೋಣೆಯಲ್ಲಿ ಹೆರೆಯುತ್ತಾ ಕೂರುವಳು. ಹಿಂದಿನ ಕೋಣೆಯಲ್ಲಿ... ಸರ್ರ್... ಟಕ್. ಇವಳು ನಿಲ್ಲಿಸಿದರೆ ಅದೂ ನಿಲ್ಲುವುದು. ಬೇಯಿಸಿದ ಮರಗೆಣಸನ್ನು ತಟ್ಟೆಯಲ್ಲಿ ಹೊಸ್ತಿಲ ಮೇಲಿಟ್ಟಳು. ಮುಟ್ಟಿರಲಿಲ್ಲ.

"ಇದ್ದಾಗ ಒಂದಿನಾನೂ ಸಲಿಕೆ ಮುಟ್ಲಿಲ್ಲ. ಈಗ ನೋಡು," ಅಂದಳು ಒಂದು ರಾತ್ರಿ.

ಒಂದು ದಿನ ಸದ್ದು ಬದಲಾಯಿತು. ನೆಲದ್ದಲ್ಲ. ಗೋಡೆಯದು. ಕರಕರ... ಕರಕರ... ಉಗುರಲ್ಲಿ ಕೆರೆದ ಹಾಗೆ. ಗಾರೆ ಉದುರುತ್ತಿತ್ತು, ಪುಸ್... ಪುಸ್ ಅಂತ. ನೀರು ಕುಡಿದ ಗೋಡೆ ಅದು, ತಳ್ಳಿದರೆ ಬೀಳುವಂಥದ್ದು. ಅವಳು ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಒಳಗೆ ಕತ್ತಲೆ.

"ಗೋಡೆ ಬೀಳತ್ತೆ ಕಣೋ, ಸಿಂದುಲ್ಫೊ."

ಕೆರೆತ ನಿಂತಿತು. ಆಮೇಲೆ... ಬಾಯಲ್ಲಿ ನೀರು ತುಂಬಿಕೊಂಡು ಪಿಸುಗುಟ್ಟಿದ ಹಾಗೆ...

"ಅಕ್ಕಾ..."

ಗಂಡ ಹೆಂಡತಿಯನ್ನು ಅಕ್ಕಾ ಅನ್ನುತ್ತಾನೆಯೇ? ಅವನಲ್ಲ. ಅವಳಿಗೆ ಗೊತ್ತಾಯಿತು. ಇಷ್ಟು ದಿನವೂ ಅವನಾಗಿರಲಿಲ್ಲ.

"ಅಕ್ಕಾ... ಇದು ಹಸಿರು ಗೋಡೆ ತಾನೆ?"

"ಅಲ್ಲ. ನಮ್ದು ನೀಲಿ."

"ಎಲ್ಲಾ ಒಂದೇ ಬಣ್ಣ ಆಗ್ಬಿಟ್ಟಿದೆ ಅಕ್ಕಾ... ನಮ್ಮನೆ ಸಿಕ್ತಾನೇ ಇಲ್ಲ."

ನಮ್ಮ ಕೇರಿಯಲ್ಲಿ ಹಸಿರು ಗೋಡೆ ಇದ್ದದ್ದು ಒಂದೇ ಮನೆಗೆ. ಹಿಂದಿನ ಓಣಿಯ ಪಾಸ್ತೋರಜ್ಜಿ ಮನೆ. ಅವಳ ಮಗ ಸೆಲ್ಸೊ ದೋಣಿಯವನು. ಸಿಂದುಲ್ಫೊನನ್ನು ಮಾಡಿನಿಂದ ಇಳಿಸಿ ಮೇಲೆ ತಂದವನೂ ಅವನೇ. ತಂದು ಬಿಟ್ಟು, ಇನ್ಯಾರದೋ ಸಾಮಾನು ತರುತ್ತೇನೆಂದು ತಿರುಗಿ ಹೋದ. ಮಗುಚಿದ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಅಜ್ಜಿ ಮಾತ್ರ, "ನದಿ ಆಚೆ ಅರ್ಜೆಂಟೀನಾಕ್ಕೆ ದುಡಿಯಕ್ಕೆ ಹೋಗಿದಾನೆ, ಬರ್ತಾನೆ," ಅಂತ ಚೌಕದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

"ಸೆಲ್ಸೊ?" ಅಂದಳು ದಿಯೋಲಿಂದಾ.

ತೊಟ್... ತೊಟ್... ಎಲ್ಲೋ ನೀರು ತೊಟ್ಟಿಕ್ಕಿತು.

"ಹೊರಗ್ಹೋಗು. ಎಡಕ್ಕೆ ತಿರುಗು. ಬೀದಿ ನಲ್ಲಿ ದಾಟಿದ್ಮೇಲೆ ಬರೋದೇ ನಿಮ್ಮನೆ."

"ಸರಿ ಅಕ್ಕಾ."

"ತಡಿ... ಅಲ್ಲಿ ಸಿಂದುಲ್ಫೊನ ಏನಾದ್ರೂ ನೋಡಿದ್ಯಾ?"

"ಕತ್ತಲು ಅಕ್ಕಾ... ಕೈ ಚಾಚಿದ್ರೂ ಯಾರೂ ಸಿಗಲ್ಲ."

ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಪಚ್... ಪಚ್... ಬರಿಗಾಲು ಕೆಸರಲ್ಲಿ ಊರಿ ಕಿತ್ತ ಸದ್ದು ಅವಳ ಮುಂದೆಯೇ ಹಾದು ಹೊರಗೆ ಹೋಯಿತು. ಎಡಕ್ಕೆ ತಿರುಗಿತು.

ಅವಳು ಸಲಿಕೆ ಎತ್ತಿಕೊಂಡು, ಉಳಿದದ್ದನ್ನು ತಾನೇ ಹೆರೆದಳು. ಬೆಳಗಾಗುವವರೆಗೂ ಹೆರೆದಳು. ಆಗಲೂ ಅಳು ಬರಲಿಲ್ಲವಂತೆ. ಕೈ ಮಾತ್ರ ನಿಲ್ಲಲಿಲ್ಲವಂತೆ.

ಆ ವಾರದಲ್ಲೇ ನಾವೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದೆವು. ರಾತ್ರಿ ಹೊತ್ತು ಹಿಂದಿನ ಓಣಿಯಿಂದ ಸಲಿಕೆ ಸದ್ದು ನಾನೂ ಕೇಳಿದ್ದೇನೆ. ಅಜ್ಜಿ ಯಾರನ್ನೋ ಕೂಲಿಗೆ ಹಚ್ಚಿದ್ದಾಳೆ ಅಂದುಕೊಂಡೆ. ಅಜ್ಜಿ ಇನ್ನೂ ಮೇಲೆಯೇ ಇದ್ದಾಳೆ ಅನ್ನುವುದು ತಲೆಗೆ ಹೊಳೆಯಲಿಲ್ಲ.

ಕೊನೆಗೆ ಅವಳೂ ಬಂದಳು. ಗಂಟುಮೂಟೆ ಹೊತ್ತುಕೊಂಡು ನಾನು, ಜೊತೆಗೆ ದಿಯೋಲಿಂದಾ. ಅಜ್ಜಿ ಬಾಗಿಲು ತಳ್ಳಿದಳು. ಬರಲಿಲ್ಲ. ನಾನು ಹೆಗಲು ಕೊಟ್ಟು ಗುದ್ದಿದೆ. ಬರಲಿಲ್ಲ. ನೀರಿಗೆ ಉಬ್ಬಿ ಕಚ್ಚಿಕೊಂಡಿದೆ ಅಂದುಕೊಂಡು ಮಾಡು ಹತ್ತಿ, ಒಂದು ತಗಡು ಬಿಚ್ಚಿ ಒಳಗೆ ಇಳಿದೆ. ಬಾಗಿಲು ತೆರೆದು ಅವರನ್ನು ಒಳಗೆ ಬಿಟ್ಟೆ.

ನೆಲದ ಮೇಲೆ ಒಂದು ಚಿಟಿಕೆ ಕೆಸರಿಲ್ಲ. ಮೂಲೆ ಮೂಲೆಯೂ ಹೆರೆದಿತ್ತು. ಗೋಡೆ ತೊಳೆದು ಹಸಿರು ಎದ್ದು ಬಂದಿತ್ತು. ನಮ್ಮ ಮನೆಗಳೆಲ್ಲ ವಸಂತ ಬರುವವರೆಗೂ ಬೆವರುತ್ತಿದ್ದವು. ಆ ಗೋಡೆ ಆಗಲೇ ಒಣಗಿತ್ತು.

"ನೋಡಿದ್ರಾ? ನನ್ ಮಗ ಬಂದಿದ್ದ! ನಾನ್ ಹೇಳ್ಲಿಲ್ವಾ?" ಅಜ್ಜಿ ಗೋಡೆ ಸವರಿದಳು.

ದಿಯೋಲಿಂದಾ ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಮುಖ.

"ಹೂನಜ್ಜಿ. ಬಂದಿದ್ದ."

ಅಷ್ಟು ಹೇಳಿ ಅಲ್ಲೇ ಕುಸಿದು ಕೂತು ಅತ್ತಳು, ನೋಡಿ... ಗಂಡ ಹೋದ ಮೇಲೆ ಅದೇ ಮೊದಲು.

ನೀವು ಏನು ಬೇಕಾದರೂ ಅನ್ನಿ. ಆ ಮನೆಗೆ ಇರುವುದು ಒಂದೇ ಬಾಗಿಲು, ಕಿಟಕಿಗೆ ಕಂಬಿ. ತಗಡಿನ ಮೊಳೆಗಳು ತುಕ್ಕು ಹಿಡಿದು ಬಿಗಿದಿದ್ದವು, ಕಿತ್ತವನು ನಾನು. ಬಾಗಿಲು ಉಬ್ಬಿರಲೇ ಇಲ್ಲ... ಒಳಗಿನಿಂದ ಚಿಲಕ ಹಾಕಿತ್ತು. ತೆಗೆದದ್ದು ಈ ಕೈಯೇ.